ಮೌಸ್ ಹಿಡಿದು ಮುಳುಗಡೆ ಊರಿಗೆ

ನಾನು ಚನ್ನಗಿರಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಹುಟ್ಟಿ ಬೆಳೆದಿದ್ದು ಶರಾವತಿ ಹಿನ್ನೀರಿನ ಆಚೆ, ತುಮರಿ ಕಡೆ. ಅಣೆಕಟ್ಟುಗಳ ಪಾಠ ಬಂದಾಗ "ಲಿಂಗನಮಕ್ಕಿ, 1964, ವಿದ್ಯುತ್" ಅಂತ ಬೋರ್ಡಿನ ಮೇಲೆ ಬರೆದು ಮುಂದೆ ಹೋಗುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ. ಉಪಗ್ರಹ ಚಿತ್ರಗಳಲ್ಲಿ ಭೂಮಿ ತೋರಿಸುವ ಗೂಗಲ್ ಅರ್ತ್ ತೆಗೆಯುತ್ತೇನೆ. ಶಾಲೆಯ ನೆಟ್ ನಂಬಿ ಕೂರುವ ಹಾಗಿಲ್ಲ, ಹಾಗಾಗಿ ನನ್ನ ಮೊಬೈಲಿನ ಹಾಟ್‌ಸ್ಪಾಟೇ ಗತಿ.

ಮೊದಲು ಹೊಳೆಬಾಗಿಲಿಗೆ ಹೋಗುತ್ತೇವೆ. ಬಸ್ಸು, ಜೀಪು, ಜನ ಎಲ್ಲ ಒಂದೇ ಲಾಂಚಿನಲ್ಲಿ ದಾಟುತ್ತಿದ್ದ ಜಾಗ ಅದು. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆ ಆಯಿತು. ಮಕ್ಕಳು ಅಳತೆಪಟ್ಟಿ ಎಳೆದು ನೋಡುತ್ತಾರೆ: ಎರಡೂವರೆ ಕಿಲೋಮೀಟರಿಗೆ ಸ್ವಲ್ಪ ಕಮ್ಮಿ. "ಇಷ್ಟೇನಾ ಸಾರ್?" ಅಂದ ಒಬ್ಬ. ಇಷ್ಟೇ ಮಾರಾಯ. ಸಂಜೆಯ ಕೊನೇ ಲಾಂಚ್ ತಪ್ಪಿದರೆ ಆ ಇಷ್ಟೇ ಎಷ್ಟಾಗುತ್ತಿತ್ತು ಅಂತ ಅವನಿಗೇನು ಗೊತ್ತು!

ಆಮೇಲೆ ಹಳೇ ಚಿತ್ರಗಳು. ವರ್ಷದ ಪಟ್ಟಿಯನ್ನು ಹಿಂದೆ ಸರಿಸುತ್ತಾ ಹೋದರೆ ನೀರು ಏರುತ್ತದೆ, ಇಳಿಯುತ್ತದೆ, ದಡದಲ್ಲಿ ಕೆಂಪು ಮಣ್ಣಿನ ಅಂಚು ಕಾಣುತ್ತದೆ. ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟಿನ ಕಥೆ ಹೇಳುವುದು ಇಲ್ಲೇ. 1948ರ ಹೊತ್ತಿಗೆ ಕಟ್ಟಿದ್ದು. ಲಿಂಗನಮಕ್ಕಿ ತುಂಬಿದಾಗ ಅದೇ ಮುಳುಗಿಹೋಯಿತು. ನೀರು ತೀರಾ ಕಮ್ಮಿಯಾದ ಬೇಸಿಗೆಯಲ್ಲಿ ಮಾತ್ರ ಎದ್ದು ಕಾಣುತ್ತದೆ. ಅಣೆಕಟ್ಟನ್ನೇ ಮುಳುಗಿಸಿದ ಅಣೆಕಟ್ಟು ಅಂದರೆ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ. ಮೊದಲಿನದು ಯಾಕೆ ಸಾಕಾಗಲಿಲ್ಲ ಅಂತ ಕೇಳುತ್ತಾರೆ. ಆಗ ತಳಕಳಲೆ ಜಲಾಶಯ, ಅಲ್ಲಿಂದ ಇಳಿಯುವ ಪೈಪುಗಳು, 1035 ಮೆಗಾವ್ಯಾಟಿನ ಶರಾವತಿ ವಿದ್ಯುದಾಗಾರ, ಎಲ್ಲವನ್ನೂ ತೆರೆಯ ಮೇಲೇ ತೋರಿಸಬಹುದು.

ದೀಪಾವಳಿ ರಜೆಯಲ್ಲಿ ಅಪ್ಪಯ್ಯನಿಗೂ ತೋರಿಸಿದೆ. ಮುಳುಗಡೆಯಾದಾಗ ಅವರಿನ್ನೂ ಸಣ್ಣ ಹುಡುಗ. ಲ್ಯಾಪ್‌ಟಾಪ್ ನೋಡಿ, "ಮೇಲಿಂದ ನೋಡಿದ್ರೆ ಕಾಗೆಗೆ ಗೊತ್ತಾಗಬೇಕು, ನಂಗೆ ಗೊತ್ತಾಗ್ತದಾ?" ಅಂದರು. ನಿಜ ತಾನೇ? ಚಿತ್ರವನ್ನು ಓರೆ ಮಾಡಿ, ನಿಂತು ನೋಡಿದ ಹಾಗೆ ಗುಡ್ಡಗಳನ್ನು ಎದುರಿಗೆ ತಂದೆ. ಒಂದು ನಡುಗಡ್ಡೆಯ ಮೇಲೆ ಬೆರಳಿಟ್ಟರು. "ಇದು ನಾವು ದನ ಮೇಯಿಸ್ತಿದ್ದ ಗುಡ್ಡದ ನೆತ್ತಿ. ಇದರ ಕೆಳಗೆ ಗದ್ದೆ, ಗದ್ದೆಯಾಚೆ ಮನೆ." ಕೆಳಗೆ ಇಳಿಯೋಣ ಅಂತ ನೋಡಿದರೆ ನೀರು ಚಪ್ಪಟೆ ಹಾಳೆ. ಮೇಲಿಂದ ರಾಡಾರ್ ಅಲೆ ಹಾಯಿಸಿ ಎತ್ತರ ಅಳೆದರೆ ಸಿಗುವುದು ನೀರಿನ ಮೇಲ್ಮೈ ಮಾತ್ರ, ತಳ ಸಿಗುವುದಿಲ್ಲ. ಅಪ್ಪಯ್ಯ ಹೇಳಿದ ಕಡೆಯೆಲ್ಲ ನೀರಿನ ಮೇಲೇ ಪಿನ್ ಹಾಕಿದೆ: ಮನೆ, ಬಾವಿ, ಚೌಡಿ ಬನ, ಸಂತೆಗೆ ಹೋಗುವ ದಾರಿ. ಚೌಡಿ ಬನದ ಪಿನ್ ಸ್ವಲ್ಪ ಎಡಕ್ಕೆ ಬರಬೇಕು ಅಂತ ಮಾರನೇ ದಿನ ಬೆಳಿಗ್ಗೆ ಕಾಫಿ ಹೊತ್ತಿನಲ್ಲಿ ತಿದ್ದಿಸಿದರು.

ಈ ಪಿನ್‌ಗಳನ್ನು ನೋಡಿದ ಮೇಲೆ ಕ್ಲಾಸಿನಲ್ಲಿ ಒಂದು ಕೆಲಸ ಕೊಟ್ಟೆ. ಲಿಂಗನಮಕ್ಕಿಯಲ್ಲಿ ನೀರಿನ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಅದರ ಕೆಳಗಿದ್ದವರೆಲ್ಲ ಎದ್ದು ಹೋಗಬೇಕಾಯಿತು. ಈಗ ನಮ್ಮ ಶಾಲೆಯ ಅಂಗಳದಲ್ಲಿ ಹತ್ತು ಅಡಿ ನೀರು ನಿಂತಿದೆ ಅಂದುಕೊಳ್ಳಿ, ನಿಮ್ಮ ಮನೆ ಉಳಿಯುತ್ತದಾ ನೋಡಿ ಅಂದೆ. ಕರ್ಸರ್ ಇಟ್ಟರೆ ಎತ್ತರ ತೋರಿಸುತ್ತದಲ್ಲ. ಅಲ್ಲಿ ಹಲವು ಮೀಟರ್ ಹೆಚ್ಚುಕಮ್ಮಿ ಬರಬಹುದು, ಅದನ್ನು ಮೊದಲೇ ಹೇಳಿದ್ದೆ. ಆದರೂ ಜಗಳ ಶುರು. ದಿಬ್ಬದ ಮೇಲಿನ ಮನೆಯವಳು ನಮ್ಮನೆಗೇನೂ ಆಗಲ್ಲ ಅಂದಳು. ಪಕ್ಕದವಳು ಬಿಡಲಿಲ್ಲ: "ಗದ್ದೆ ಎಲ್ಲಿದೆ ನಿಮ್ದು, ತೋರಿಸು." ಗದ್ದೆ ಕೆರೆ ಕೆಳಗೆ. ಅವಳು ಸುಮ್ಮನಾದಳು. ಪರಿಹಾರ, ಪುನರ್ವಸತಿ ಅನ್ನುವುದನ್ನು ಆವತ್ತು ನಾನು ಜಾಸ್ತಿ ವಿವರಿಸಬೇಕಾಗಲಿಲ್ಲ.

ಇದನ್ನು ನೀವೂ ಮಾಡುವುದಾದರೆ ಒಂದು ಉಪಾಯ. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಾಲಯ 1950ರ ದಶಕದ ಭಾರತದ ನಕ್ಷೆಗಳನ್ನು ಆನ್‌ಲೈನ್‌ನಲ್ಲಿ ಉಚಿತವಾಗಿ ಇಟ್ಟಿದೆ. ನಿಮ್ಮ ಭಾಗದ ಹಾಳೆ ಇಳಿಸಿಕೊಂಡು, ಕಂಪ್ಯೂಟರಿನ ಗೂಗಲ್ ಅರ್ತ್ ಪ್ರೋನಲ್ಲಿ ಇಮೇಜ್ ಓವರ್‌ಲೇ ಮಾಡಿ ಈಗಿನ ಚಿತ್ರದ ಮೇಲೆ ಹೊದಿಸಿ. ಬದಲಾಗದ ಎರಡು ಮೂರು ಜಾಗ ಹಿಡಿದು, ಬೆಟ್ಟದ ತುದಿಯೋ ರೈಲು ಹಳಿಯೋ, ಅದಕ್ಕೆ ಸರಿಯಾಗಿ ಕೂರಿಸಿಕೊಳ್ಳಿ. ನದಿಯನ್ನು ಮಾತ್ರ ಗುರುತಾಗಿ ಇಟ್ಟುಕೊಳ್ಳಬೇಡಿ.