ಎದೆ ನೀರಿನ ರಿಪೋರ್ಟ್ ನೆಗೆಟಿವ್ ಬಂತು ಅಂತ ಅಲ್ಲಿಗೇ ನಿಲ್ಲಬೇಡಿ

ನಾನು ಪೆಥಾಲಜಿಸ್ಟ್. ನನ್ನ ಟೇಬಲ್ಲಿಗೆ ರೋಗಿ ಬರುವುದಿಲ್ಲ, ಬರುವುದು ಬಾಟಲಿಯಲ್ಲಿ ಎದೆಯಿಂದ ತೆಗೆದ ನೀರು, ಇಲ್ಲವೇ ಫಾರ್ಮಲಿನ್‌ನಲ್ಲಿ ಮುಳುಗಿದ ಒಂದು ತುಣುಕು. ಜೊತೆಗೆ ಒಂದು ಫಾರಂ. ಅದರಲ್ಲಿ ಉದ್ಯೋಗದ ಜಾಗದಲ್ಲಿ ತುಂಬಾ ಸಲ 'ನಿವೃತ್ತ' ಅಂತ ಮಾತ್ರ ಇರುತ್ತದೆ. ಮೆಸೊಥೆಲಿಯೋಮಾ ಹುಡುಕುವವರಿಗೆ ಅದರಿಂದ ಏನೂ ಉಪಯೋಗವಿಲ್ಲ.

ಇದು ಶ್ವಾಸಕೋಶವನ್ನು ಸುತ್ತಿರುವ ತೆಳು ಪೊರೆಯಲ್ಲಿ, ಕೆಲವೊಮ್ಮೆ ಹೊಟ್ಟೆಯ ಒಳಪೊರೆಯಲ್ಲಿ ಹುಟ್ಟುವ ಕ್ಯಾನ್ಸರ್. ಮುಖ್ಯ ಕಾರಣ ಕಲ್ನಾರು, ಅಂದರೆ ಆಸ್ಬೆಸ್ಟಾಸ್. ಅದರ ಧೂಳು ಒಳಗೆ ಹೋಗಿ ರೋಗ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 20ರಿಂದ 50 ವರ್ಷ ಬೇಕು. ಅಷ್ಟರಲ್ಲಿ ಆ ಕೆಲಸ ರೋಗಿಗೇ ಮರೆತುಹೋಗಿರುತ್ತದೆ. ಹಾಗಾಗಿ ರೋಗಿಯನ್ನು ನೋಡುವ ವೈದ್ಯರು ಮೊದಲ ಕೆಲಸದಿಂದಲೇ ಕೇಳುತ್ತಾ ಬರಬೇಕು. ಹಡಗು ಕಟ್ಟುವುದು, ಬಾಯ್ಲರ್ ಪೈಪುಗಳಿಗೆ ಶಾಖ ತಡೆಯುವ ಹೊದಿಕೆ ಸುತ್ತುವುದು, ಬ್ರೇಕ್ ಲೈನಿಂಗ್ ಉಜ್ಜುವುದು, ಆಸ್ಬೆಸ್ಟಾಸ್ ಶೀಟು ಕೊಯ್ಯುವುದು. ಮನೆಯವರ ಕೆಲಸವನ್ನೂ ಕೇಳಿ. ಗಂಡನ ಧೂಳು ತುಂಬಿದ ಬಟ್ಟೆ ಒಗೆದ ಹೆಂಗಸರಿಗೂ ಈ ರೋಗ ಬಂದಿದೆ. 1960ರಲ್ಲಿ ದಕ್ಷಿಣ ಆಫ್ರಿಕಾದಿಂದ ಪೆಥಾಲಜಿಸ್ಟ್ ವ್ಯಾಗ್ನರ್ ಮತ್ತು ಸಂಗಡಿಗರು ಈ ರೋಗದ 33 ರೋಗಿಗಳ ವರದಿ ಕೊಟ್ಟರು. ಅವರಲ್ಲಿ ಕೆಲವರು ಗಣಿಯೊಳಗೆ ಕಾಲಿಟ್ಟವರೇ ಅಲ್ಲ, ಕಲ್ನಾರು ಗಣಿಗಳ ಹತ್ತಿರ ಬದುಕಿದವರು. ಬೀಡಿ ಸಿಗರೇಟು ಸೇದಿದವರಲ್ಲ ಅಂತ ಕೈಬಿಡಬೇಡಿ, ಈ ಕ್ಯಾನ್ಸರಿಗೆ ಅದು ಕಾರಣವಲ್ಲ.

ರೋಗದ ಲಕ್ಷಣಗಳು ಹೀಗಿರುತ್ತವೆ: ಏದುಸಿರು, ಒಂದು ಪಕ್ಕದಲ್ಲಿ ಮಂದ ನೋವು, ಎಕ್ಸ್‌ರೇಯಲ್ಲಿ ಒಂದೇ ಕಡೆ ನೀರು. ನೀರು ತೆಗೆದರೆ ಆರಾಮ, ಸ್ವಲ್ಪ ದಿನಕ್ಕೆ ಮತ್ತೆ ತುಂಬುತ್ತದೆ. ಟಿಬಿಯಲ್ಲೂ ಎದೆಯಲ್ಲಿ ನೀರು ತುಂಬುತ್ತದೆ, ಎಡಿಎ (ಟಿಬಿ ಸಂಶಯ ಬಂದಾಗ ಆ ನೀರಿನಲ್ಲಿ ಅಳೆಯುವ ಒಂದು ಕಿಣ್ವ) ಜಾಸ್ತಿ ಬಂದರೆ ಮನಸ್ಸು ಅತ್ತಲೇ ಓಡುತ್ತದೆ. ಆದರೆ ಮೆಸೊಥೆಲಿಯೋಮಾದಲ್ಲೂ ಎಡಿಎ ಏರಬಹುದು.

ನೀರಿನ ರಿಪೋರ್ಟಿನಲ್ಲಿ ನಾನು 'ಕ್ಯಾನ್ಸರ್ ಕೋಶಗಳು ಕಂಡುಬಂದಿಲ್ಲ' ಅಂತ ಬರೆದರೆ, ಈ ನೀರಿನಲ್ಲಿ ಕಾಣಲಿಲ್ಲ ಅಂತಷ್ಟೇ ಅರ್ಥ. ಉದ್ದುದ್ದ ಕೋಶಗಳಿರುವ ಸಾರ್ಕೋಮಟಾಯ್ಡ್ ಬಗೆಯಂತೂ ನೀರಿಗೆ ಕೋಶಗಳನ್ನು ಬಿಡುವುದೇ ಕಡಿಮೆ. ಸಿಟಿಯಲ್ಲಿ ಪೊರೆ ಗಂಟುಗಂಟಾಗಿ ದಪ್ಪಗಾಗಿದ್ದರೆ, ಶ್ವಾಸಕೋಶವನ್ನು ಸುತ್ತಲೂ ಬಳಸಿ ಹೃದಯದ ಕಡೆಗೂ ಹಬ್ಬಿದ್ದರೆ, ನನ್ನ ನೆಗೆಟಿವ್ ರಿಪೋರ್ಟ್ ಹಿಡಿದು ಕೂರಬೇಡಿ. ಥೊರಾಕೊಸ್ಕೋಪಿ ಮಾಡಿ, ಅಂದರೆ ಎದೆಯೊಳಗೆ ಕ್ಯಾಮೆರಾ ನಳಿಕೆ ಇಳಿಸಿ, ಕಣ್ಣಿಂದ ನೋಡಿ, ಬೇರೆ ಬೇರೆ ಜಾಗದಿಂದ ತುಣುಕು ತೆಗೆಯಿರಿ. ಪೊರೆಯ ಕೆಳಗಿನ ಕೊಬ್ಬೂ ಬರುವಷ್ಟು ಆಳಕ್ಕೆ ಹೋಗಿ.

ಆ ಕೊಬ್ಬು ನನಗೆ ಯಾಕೆ ಬೇಕು? ಉರಿಯೂತದಿಂದ ಕೆರಳಿದ ಮೆಸೊಥೀಲಿಯಲ್ ಕೋಶಗಳೂ, ಅಂದರೆ ಈ ಪೊರೆಯ ಮೇಲ್ಪದರದ ಕೋಶಗಳೂ, ನೋಡಲು ಕ್ಯಾನ್ಸರಿನಷ್ಟೇ ವಿಕಾರ. ಆದರೆ ಅಲ್ಲಿ ಗಲಾಟೆಯೆಲ್ಲ ಮೇಲ್ಪದರದಲ್ಲಿ, ಕೆಳಗಿಳಿದಂತೆ ಶಾಂತ. ಸಣ್ಣ ರಕ್ತನಾಳಗಳು ಮೇಲ್ಮೈ ಕಡೆಗೆ ನೆಟ್ಟಗೆ ನಿಂತಿರುತ್ತವೆ. ಕ್ಯಾನ್ಸರಿನಲ್ಲಿ ಈ ಶಿಸ್ತು ಇರುವುದಿಲ್ಲ, ಕೋಶಗಳು ಕೊಬ್ಬಿನೊಳಗೇ ನುಗ್ಗಿರುತ್ತವೆ. ಮೇಲಿಂದ ಕೆರೆದ ಚೂರು ಕೊಟ್ಟರೆ ಇದನ್ನು ಹೇಳುವುದು ಹೇಗೆ? ಇನ್ನೊಂದು ಮಾತು, ಹಳೇ ಉರಿಯೂತದ ಪೊರೆಯಲ್ಲಿ ಕೊಬ್ಬಿನ ಹಾಗೇ ಕಾಣುವ ಖಾಲಿ ದುಂಡುಗಳಿರುತ್ತವೆ. ಸಂಶಯ ಬಂದರೆ ನಿಜವಾದ ಕೊಬ್ಬಿನ ಕೋಶಗಳನ್ನು ತೋರಿಸುವ ಎಸ್-100 ಬಣ್ಣ ಹಾಕಿ ನೋಡುವುದು ಒಳ್ಳೆಯದು.

ಕೋಶದಲ್ಲಿ ಯಾವ ಪ್ರೋಟೀನ್ ಇದೆ ಅಂತ ತೋರಿಸುವ ಬಣ್ಣದ ಪರೀಕ್ಷೆಗಳ ಬಗ್ಗೆ ಕಿರಿಯ ಸಹೋದ್ಯೋಗಿಗಳಿಗೆ ಮತ್ತೆ ಮತ್ತೆ ಹೇಳುತ್ತೇನೆ. ಕ್ಯಾಲ್‌ರೆಟಿನಿನ್, ಡಬ್ಲ್ಯುಟಿ-1 ಪಾಸಿಟಿವ್, ಕ್ಲಾಡಿನ್-4, ಟಿಟಿಎಫ್-1 ನೆಗೆಟಿವ್ ಬಂದರೆ, ಇವು ಮೆಸೊಥೀಲಿಯಲ್ ಕೋಶಗಳು ಅನ್ನಬಹುದು. ಕ್ಯಾನ್ಸರ್ ಹೌದೋ ಅಲ್ಲವೋ ಅದರಿಂದ ಗೊತ್ತಾಗಲ್ಲ. ಅದಕ್ಕೆ ಬಿಎಪಿ1, ಎಂಟಿಎಪಿ ಅನ್ನುವ ಪ್ರೋಟೀನುಗಳನ್ನು ನೋಡಬೇಕು. ಮೆಸೊಥೀಲಿಯಲ್ ಕೋಶಗಳಲ್ಲಿ ಇವು ಅಳಿಸಿಹೋಗಿದ್ದರೆ ಕ್ಯಾನ್ಸರ್ ಅನ್ನಲು ಬಲವಾದ ಆಧಾರ. ಉಳಿದಿವೆ ಅಂದ ಮಾತ್ರಕ್ಕೆ ಕ್ಯಾನ್ಸರ್ ಇಲ್ಲ ಅನ್ನುವಂತಿಲ್ಲ.

ಕ್ಯಾನ್ಸರಿನ ಬಗೆ ಯಾವುದು, ದುಂಡನೆಯ ಕೋಶಗಳ ಎಪಿಥೀಲಿಯಾಯ್ಡೋ, ಸಾರ್ಕೋಮಟಾಯ್ಡೋ, ಎರಡೂ ಬೆರೆತದ್ದೋ ಅಂತ ರಿಪೋರ್ಟಿನಲ್ಲಿ ಬರೆದಿದೆಯಾ ನೋಡಿ. ಚಿಕಿತ್ಸೆಯ ಆಯ್ಕೆ ಅದರ ಮೇಲೂ ನಿಂತಿರುತ್ತದೆ.

ಇನ್ನು ಆ ಫಾರಂ. ಕೆಲಸದ ಚರಿತ್ರೆಯನ್ನು ಮೊದಲ ಭೇಟಿಯಲ್ಲೇ, ರೋಗಿಗೆ ಮಾತಾಡುವ ಶಕ್ತಿ ಇರುವಾಗಲೇ ಬರೆದುಕೊಳ್ಳಿ. ಯಾವ ಕಾರ್ಖಾನೆ, ಯಾವ ವಿಭಾಗ, ಯಾವ ವರ್ಷದಿಂದ ಯಾವ ವರ್ಷದವರೆಗೆ, ಕೈಯಲ್ಲಿ ಏನು ಹಿಡಿದಿದ್ದರು ಅಂತ. ಕೆಲಸದಿಂದ ಬಂದ ರೋಗ ಅಂತ ಮುಂದೆ ಪರಿಹಾರ ಕೇಳಬೇಕಾಗಿ ಬಂದರೆ, ಮನೆಯವರು ಆ ಕಾಗದವನ್ನೇ ಹುಡುಕಿಕೊಂಡು ಬರುತ್ತಾರೆ.