ಗೋಡೆ ಒಣಗಲಿ, ಆಮೇಲೆ ಬಣ್ಣ

ಮೇಲಿನ ಮನೆ ಖಾಲಿಯಾಗಿದೆ. ಇವತ್ತು ಪೇಂಟರ್ ಬಂದಿದ್ದರು. ಬೆಡ್‌ರೂಮಲ್ಲಿ ಬೀರು ಇಟ್ಟಿದ್ದ ಕಡೆ ಗೋಡೆ ಉಬ್ಬಿತ್ತು. ಕೆರೆದರೆ ಪುಟ್ಟಿ ಹಪ್ಪಳದ ಹಾಗೆ ಎದ್ದು ಬಂತು. ಅದರ ಹಿಂದೆ ಬಿಳಿ ಉಪ್ಪು. ಕೈಯಿಟ್ಟರೆ ತಣ್ಣಗೆ. ಗೋಡೆಯ ಆ ಕಡೆ ಬಾತ್‌ರೂಮ್, ಇನ್ನೇನು ಹೇಳೋದು.

"ಮೇಡಂ, ಮೇಲೊಂದು ಕೋಟ್ ಹೊಡೆದ್ರೆ ಗೊತ್ತಾಗಲ್ಲ" ಅಂದರು.

ಸ್ವಲ್ಪ ದಿನ ಗೊತ್ತಾಗಲ್ಲ, ನಿಜ. ಆಮೇಲೆ ಬಂದವರ ಬಟ್ಟೆ, ಹಾಸಿಗೆಗೆಲ್ಲ ಬೂಷ್ಟು ಹಿಡಿಯುತ್ತೆ. ಬರ್ತಿರೋರ ಮನೆಯಲ್ಲಿ ಚಿಕ್ಕ ಮಗು ಬೇರೆ ಇದೆ. ಬೇಡ ಅಂದೆ.

ಬೆಂಗಳೂರಲ್ಲಿ ಮನೆ ಬಿಡುವಾಗ ಪೇಂಟಿಂಗ್ ಅಂತ ಅಡ್ವಾನ್ಸಲ್ಲಿ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳೋದು ರೂಢಿ ಆಗಿಹೋಗಿದೆ. ಪೈಪ್ ಸೋರಿದ್ದಕ್ಕೆ ಬಾಡಿಗೆಯವರು ಯಾಕೆ ದುಡ್ಡು ಕೊಡಬೇಕು? ನನ್ನ ಮನಸ್ಸು ಒಪ್ಪಲ್ಲ. ಹೋದವರಿಗೆ ಅಡ್ವಾನ್ಸ್ ಪೂರ್ತಿ ವಾಪಸ್ ಕೊಟ್ಟೆ.

ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ನೋಡಿ. ಒಪ್ಪಂದದಲ್ಲಿ ಬೇರೆ ಥರ ಬರೆದುಕೊಂಡಿಲ್ಲ ಅಂದ್ರೆ ಗೋಡೆಗೆ ಸುಣ್ಣ, ಬಾಗಿಲು ಕಿಟಕಿಗೆ ಬಣ್ಣ, ಪೈಪ್, ವೈರಿಂಗ್ ಎಲ್ಲ ಮಾಲೀಕರದ್ದು. ನಲ್ಲಿ ವಾಷರ್, ಮೋರಿ ಕ್ಲೀನಿಂಗ್ ಥರದ್ದು ಬಾಡಿಗೆಯವರದ್ದು. ರಾಜ್ಯಗಳಿಗೆ ಅದು ಮಾದರಿ ಅಷ್ಟೇ. ಆದರೂ ಹಂಚಿಕೆ ನ್ಯಾಯವಾಗಿದೆ, ಅಲ್ವಾ?

ನಾಳೆ ಪ್ಲಂಬರ್ ಬರ್ತಾರೆ. ಟೈಲ್ಸ್ ಸಂದಿಗೂ ಹೊಸದಾಗಿ ಗ್ರೌಟ್ ತುಂಬಿಸಬೇಕು. ಗೋಡೆ ಒಣಗೋ ತನಕ ಕಾಯಬೇಕು ಅಂತ ಹೊಸಬರಿಗೆ ಫೋನ್ ಮಾಡಿ ಹೇಳಿದೆ. "ಪರವಾಗಿಲ್ಲ ಆಂಟಿ, ನಿಧಾನವಾಗಿ ಮಾಡಿಸಿ" ಅಂದಳು ಆ ಹುಡುಗಿ.

ಗೀಸರ್ ವೈರಿಂಗೂ ನೋಡಿಸಬೇಕು. ಒಳ್ಳೆ ಎಲೆಕ್ಟ್ರಿಷಿಯನ್ ಯಾರಾದ್ರೂ ಗೊತ್ತಿದ್ರೆ ಹೇಳಿ.