ಬಲಬದಿಯ ನಡುಚಕ್ರದ ರಗಳೆ

ಚಕ್ರಗಳನ್ನು ಉಬ್ಬುತಗ್ಗಿಗೆ ತಕ್ಕಂತೆ ಓಲಾಡಿಸುವ ತೋಳುಗಳ ರಾಕರ್-ಬೋಗಿ ಚೌಕಟ್ಟು, ಎರಡೂ ಬದಿಯ ತೋಳುಗಳನ್ನು ಜೋಡಿಸುವ ಡಿಫರೆನ್ಷಿಯಲ್ ದಂಡ, ತಂತಿ ಜೋಡಣೆ ಇವೆಲ್ಲ ರೋವರ್ ಮಾದರಿ ಕಟ್ಟುವ ನೀವೂ ಮಾಡಿ ಕೈ ಸುಟ್ಟುಕೊಂಡಿರುವ ಕೆಲಸಗಳೇ ಆದ್ದರಿಂದ ಅವುಗಳ ವಿವರಕ್ಕೆ ಹೋಗುವುದಿಲ್ಲ. ಮಂಗಳನ ಮೇಲೆ ಓಡಾಡುವ ನಾಸಾದ ಆರು ಚಕ್ರಗಳ ರೋವರ್ ಕ್ಯೂರಿಯಾಸಿಟಿಯ ಐದನೇ ಒಂದರಷ್ಟು ಅಳತೆಯ ನನ್ನ ರೋವರ್ ಮರಳಿನ ಮೇಲೆ ಮೊದಲ ದಿನದಿಂದಲೂ ಸಾಧುವಾಗಿಯೇ ಓಡುತ್ತಿತ್ತು. ಅದು ತಕರಾರು ತೆಗೆದದ್ದು ಕಲ್ಲಿನ ಮುಂದೆ.

ಮಂಗಳ ಗ್ರಹದಲ್ಲಿ ಗಾಳಿ ಹೊತ್ತು ತಂದ ಮರಳು ಉಜ್ಜಿ ಉಜ್ಜಿ ಕೆಲವು ಬಂಡೆಗಳನ್ನು ಚೂಪಾಗಿಸಿದೆ. ಕ್ಯೂರಿಯಾಸಿಟಿಯ 50 ಸೆಂ.ಮೀ. ವ್ಯಾಸದ ಅಲ್ಯೂಮಿನಿಯಂ ಚಕ್ರಗಳ ಹೊರಮೈ ಕೇವಲ 0.75 ಮಿ.ಮೀ. ದಪ್ಪವಿದ್ದು, 2013ರಲ್ಲಿ ಚೂಪುಗಲ್ಲುಗಳು ಅದನ್ನು ತೂತು ಮಾಡಿದವು. 2022ರಲ್ಲಿ ಮೊಸಳೆಯ ಬೆನ್ನಿನಂಥ ಬಂಡೆಹಾಸು ಎದುರಾದಾಗ ತಂಡದವರು ರೋವರನ್ನು ಹಿಂದಿರುಗಿಸಿಬಿಟ್ಟರು. ನನ್ನ ರೋವರಿನ ಪರೀಕ್ಷೆಗೆಂದು ನಾನು ಪ್ಲಾಸ್ಟರಿನಲ್ಲಿ ಎರಕ ಹೊಯ್ದದ್ದು ಆ ಬೆನ್ನನ್ನೇ.

ಆರೂ ಚಕ್ರಗಳು ಒಂದೇ ವೇಗದಲ್ಲಿ ತಿರುಗಿದರೆ, ಕಲ್ಲು ಹತ್ತುವ ಚಕ್ರ ಹೆಚ್ಚು ದಾರಿ ಸವೆಸಬೇಕಾಗಿ ಹಿಂದುಳಿಯುತ್ತದೆ. ಹತ್ತುವುದು ನಡುಚಕ್ರವಾದರೆ, ಹಿಂಚಕ್ರವು ಇವೆರಡನ್ನೂ ಜೋಡಿಸುವ ಬೋಗಿ ಎಂಬ ತೋಳಿನ ಮೂಲಕ ಅದನ್ನು ಕಲ್ಲಿಗೇ ಒತ್ತುತ್ತದೆ. 45 ಡಿಗ್ರಿ ಏರಿನಲ್ಲಿ ಉಳಿದ ಚಕ್ರಗಳ ವೇಗವನ್ನು ಸುಮಾರು ಶೇ. 70ಕ್ಕೆ ಇಳಿಸಿದರೆ ಲೆಕ್ಕ ಸರಿಹೋಗುತ್ತದೆ. 2017ರಲ್ಲಿ ಕ್ಯೂರಿಯಾಸಿಟಿಗೆ ಕಳುಹಿಸಿದ ತಂತ್ರಾಂಶವೂ ತೋಳುಗಳ ಓಲಾಟವನ್ನು ನೋಡಿಯೇ ಚಕ್ರಗಳ ವೇಗವನ್ನು ಹೊಂದಿಸುತ್ತದೆ. ಬೋಗಿಯ ಕೀಲಿಗೆ ಎರಡೂ ಬದಿಯಲ್ಲಿ ತೋಳು ಎಷ್ಟು ವಾಲಿದೆಯೆಂದು ಅಳೆಯುವ ಪೊಟೆನ್ಷಿಯೋಮೀಟರ್ ಕೂರಿಸಿ ನಾನೂ ಅಂಥದ್ದೇ ಒಂದನ್ನು ಬರೆದೆ.

ಎಡಬದಿ ಬೆಕ್ಕಿನಂತೆ ಏರಿತು. ಬಲಬದಿಯ ನಡುಚಕ್ರ ಮಾತ್ರ ಮೊದಲಿಗಿಂತಲೂ ಜೋರಾಗಿ ಕಲ್ಲಿಗೆ ಹಣೆ ಚಚ್ಚಿಕೊಳ್ಳತೊಡಗಿತು. ಸಂಶಯ ಮೋಟಾರಿನ ಮೇಲೆ ಹೋಯಿತು. ಬಿಚ್ಚಿ ನೋಡಿದರೆ, ಒಂದೇ ಚೀಟಿ ಅಂಟಿಸಿಕೊಂಡು ಬಂದಿದ್ದ ಆರರಲ್ಲಿ ಎರಡರ ಗೇರ್ ಅನುಪಾತವೇ ಬೇರೆ! ಮಾರಿದವರನ್ನು ಕೇಳಿದ್ದಕ್ಕೆ, ಎಲ್ಲವೂ ತಿರುಗುತ್ತವಲ್ಲ ಎಂಬ ಉತ್ತರ ಬಂತು. ಹಾಗೆ ನೋಡಿದರೆ ನನ್ನ ತಲೆಯೂ ತಿರುಗುತ್ತಿತ್ತು.

ಬದಲಿ ಮೋಟಾರಿಗಾಗಿ ಕಾದ ಹನ್ನೆರಡು ದಿನಗಳಲ್ಲಿ ಮುಂದಿನ ಕೆಲಸದ ನಕ್ಷೆಯೂ ಸಿದ್ಧವಾಯಿತು. 2025ರಲ್ಲಿ ಕ್ಯೂರಿಯಾಸಿಟಿ ತಲುಪಿದ ಶಿಲಾಜಾಲವು ಕಕ್ಷೆಯಿಂದ ಜೇಡರ ಬಲೆಯಂತೆ ಕಾಣುತ್ತದೆ. ಅಂತರ್ಜಲ ಬಿರುಕುಗಳಲ್ಲಿ ಬಿಟ್ಟುಹೋದ ಖನಿಜ ಗಟ್ಟಿಯಾಗಿ, ಸುತ್ತಲಿನ ಮೆದುಕಲ್ಲನ್ನು ಗಾಳಿ ಸವೆಸಿದ ಮೇಲೆ ಅವು ದಿಣ್ಣೆಗಳಾಗಿ ಉಳಿದಿವೆ. ನಾನೂ ಅದೇ ಕ್ರಮದಲ್ಲಿ, ಒಣಮಣ್ಣಿನ ಬಿರುಕಿಗೆ ಪ್ಲಾಸ್ಟರ್ ಸುರಿದು, ಆಮೇಲೆ ಮಣ್ಣನ್ನು ತೊಳೆದು ತೆಗೆಯಬೇಕೆಂದಿದ್ದೇನೆ.

ಹೊಸ ಮೋಟಾರು ಹಾಕಿದ ಮೇಲೂ ಚಕ್ರದ ಹಟ ಬದಲಾಗಲಿಲ್ಲ. ಬೇಸತ್ತು ಒಂದು ರಾತ್ರಿ ಎಡ ನಡುಚಕ್ರದ ಕೆಳಗೆ ಬೆಂಕಿಪೊಟ್ಟಣ ತುರುಕಿದೆ. ಪರದೆಯ ಮೇಲೆ ಪೊಟೆನ್ಷಿಯೋಮೀಟರಿನ ಅಂಕಿ ಏರಿತು. ಅದೇ ಪೊಟ್ಟಣವನ್ನು ಬಲಕ್ಕೆ ತುರುಕಿದಾಗ ಅಂಕಿ ಇಳಿಯಿತು. ಎರಡು ಪೊಟೆನ್ಷಿಯೋಮೀಟರುಗಳೂ ಕನ್ನಡಿಯ ಬಿಂಬದಂತೆ ಎದುರುಬದುರಾಗಿ ಕುಳಿತಿದ್ದವು. ನಡುಚಕ್ರ ಏರಿದಾಗಲೆಲ್ಲ ತಂತ್ರಾಂಶವು ಹಿಂಚಕ್ರ ಏರುತ್ತಿದೆಯೆಂದು ಭ್ರಮಿಸಿ, ನಡುಚಕ್ರವನ್ನು ನಿಧಾನಿಸಿ, ಹಿಂಚಕ್ರದಿಂದ ಅದನ್ನು ಕಲ್ಲಿಗೆ ಗುದ್ದಿಸುತ್ತಿತ್ತು. ಮೂರು ವಾರ ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡದ್ದು ತಂತ್ರಾಂಶದಲ್ಲಿ ಬಲಬದಿಯ ಅಂಕಿಗೆ ಹಾಕದೆ ಬಿಟ್ಟ ಒಂದು ಋಣಚಿಹ್ನೆಗಾಗಿ.

ಈಗ ಎರಡೂ ಬದಿ ಏರುತ್ತಿವೆ. ಆದರೆ ಇಷ್ಟು ದಿನ ಚಚ್ಚಿಸಿಕೊಂಡ ಪ್ಲಾಸ್ಟರಿನ ಅಂಚು ಮೊಂಡಾಗಿರುವುದರಿಂದ ಈ ಗೆಲುವನ್ನು ಇನ್ನೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ; ಹೊಸ ಎರಕ ಒಣಗುತ್ತಿದೆ.